ಜಪಾನಿನ ಶಾಲೆಗಳಲ್ಲಿ ಪೆನ್ಸಿಲ್ ಮತ್ತು ಕುಂಚ

1872ರ ಶಿಕ್ಷಣ ಶಾಸನದೊಡನೆ ಜಪಾನಿನ ಶಾಲೆಗಳಿಗೆ ಚಿತ್ರರಚನೆ ಪಾಠವಾಗಿ ಬಂದಿತು. ಕೈಗಾರಿಕೆಗೆ ಬೇಕಾದ ಕೈಕಣ್ಣುಗಳ ಪಳಗಿಕೆಯೇ ಅದರ ಪ್ರಧಾನೋದ್ದೇಶ. ಮಕ್ಕಳು ಪಾಶ್ಚಾತ್ಯ ಮಾದರಿಗಳನ್ನು ಮುಂದಿಟ್ಟುಕೊಂಡು ಪೆನ್ಸಿಲಿನಿಂದ ನಕಲು ಮಾಡುತ್ತಿದ್ದರು. 1884ರಲ್ಲಿ ಸರಕಾರವು ನೇಮಿಸಿದ ಸಮಿತಿಯು ಈ ಪದ್ಧತಿಯನ್ನು ವಿಚಾರಣೆಗೆ ತೆಗೆದುಕೊಂಡಿತು. ಅಮೆರಿಕದ ಅರ್ನೆಸ್ಟ್ ಫೆನೊಲೋಸಾ ಮತ್ತು ಓಕಾಕುರಾ ಕಾಕುಜೋ (1902ರಲ್ಲಿ ಕಲಕತ್ತೆಗೆ ಬಂದು ಠಾಕೂರ್ ಮನೆತನದ ಸ್ನೇಹ ಗಳಿಸಿದವರು ಇವರೇ) ಕುಂಚದ ಪರ ನಿಂತರು. ಚಿತ್ರಕಾರ ಕೊಯಾಮಾ ಶೋತಾರೋ ಪೆನ್ಸಿಲನ್ನು ಬಿಡಲೊಪ್ಪಲಿಲ್ಲ. ಕುಂಚ ಗೆದ್ದಿತು.

ಇದನ್ನು ದೇಶೀಯ ಕಲೆಯ ಪುನರುಜ್ಜೀವನವೆಂದು ಕೊಂಡಾಡುವುದುಂಟು. ಆದರೆ ತರಗತಿಯೊಳಗೆ ಬದಲಾದದ್ದು ಬಹುಮಟ್ಟಿಗೆ ಉಪಕರಣ ಮಾತ್ರ; ಮಗು ಕುಂಚ ಹಿಡಿದು ಮತ್ತೆ ಮೇಲ್ಪಂಕ್ತಿಯನ್ನೇ ತಿದ್ದುತ್ತಿತ್ತು. 1910ರ ಸರಕಾರಿ ಪಠ್ಯದಲ್ಲಿ ಎರಡು ಸಾಧನಗಳೂ ಕೂಡಿಕೊಂಡವು. ನಕಲಿನ ರೂಢಿ ಅಳಿಯಲಿಲ್ಲ.

ದೋಷವಿದ್ದುದು ಆ ರೂಢಿಯಲ್ಲಿಯೇ ಎಂದು ಎತ್ತಿ ತೋರಿಸಿದವರು ಮರದಚ್ಚಿನ ಚಿತ್ರಕಾರ ಯಾಮಾಮೋಟೋ ಕಾನಾಯೆ. ಫ್ರಾನ್ಸಿನಿಂದ ಮರಳುವ ದಾರಿಯಲ್ಲಿ, 1916ರಲ್ಲಿ, ಮಾಸ್ಕೋದಲ್ಲಿ ಅವರು ಮಕ್ಕಳ ಚಿತ್ರಪ್ರದರ್ಶನವೊಂದನ್ನು ಕಂಡಿದ್ದರು. 1919ರಲ್ಲಿ ನಾಗಾನೋ ಪ್ರಾಂತದ ಕಂಗಾವಾ ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಅವರ ಪ್ರಯತ್ನದಿಂದ ಮಕ್ಕಳ ಸ್ವತಂತ್ರ ಚಿತ್ರಗಳ ಪ್ರದರ್ಶನ ನಡೆಯಿತು. ಉಪಕರಣದ ಹಳೆಯ ವಿವಾದಕ್ಕೆ ಅವರು ಕೈಹಾಕಲಿಲ್ಲ. ಮಗು ತಾನು ಕಂಡುದನ್ನು ತಾನೇ ಬರೆಯಬೇಕೆಂಬುದು ಅವರ ವಾದವಾಗಿತ್ತು.