ಹೋಶಂಗಾಬಾದಿನ ವಿಜ್ಞಾನ ಬೋಧನೆ

ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ ೧೬ ಮಾಧ್ಯಮಿಕ ಶಾಲೆಗಳಲ್ಲಿ ೧೯೭೨ರಲ್ಲಿ ವಿಜ್ಞಾನ ಬೋಧನೆಯ ನೂತನ ಕ್ರಮವೊಂದು ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಇದನ್ನು ಕೈಗೊಂಡವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹಾಗೂ ದಿಲ್ಲಿ ವಿಶ್ವವಿದ್ಯಾನಿಲಯದ ವಿದ್ವಾಂಸರು ನೆರವಾದರು.

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ವ್ಯಾಖ್ಯೆಗಳನ್ನು ಉರುಹೊಡೆಯುವ ಬದಲು ಪ್ರಯೋಗಗಳನ್ನು ತಾವೇ ನಡೆಸಿದರು. ಸುತ್ತಲಿನ ಗಿಡಗಳ ಎಲೆಗಳನ್ನು ತಂದು, ಹೋಲಿಸಿ, ಗುಂಪುಗೂಡಿಸಿ ವರ್ಗೀಕರಣದ ತತ್ತ್ವವನ್ನು ಅರಿತರು. ಪರೀಕ್ಷೆಯು ಹಳೆಯದಾಗಿಯೇ ಉಳಿದರೆ ಕಂಠಪಾಠವು ಮರಳಿ ಬರುವುದಷ್ಟೆ. ಆದುದರಿಂದ ಪರೀಕ್ಷೆಯಲ್ಲಿ ಪುಸ್ತಕ ನೋಡುವುದಕ್ಕೆ ಅನುಮತಿಯಿತ್ತು, ಪ್ರಯೋಗಪರೀಕ್ಷೆಯೂ ನಡೆಯುತ್ತಿತ್ತು.

೧೯೭೮ರಲ್ಲಿ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆಲ್ಲ ವಿಸ್ತರಿಸಿದ ಈ ಕ್ರಮವನ್ನು ೨೦೦೨ರಲ್ಲಿ ರಾಜ್ಯ ಸರಕಾರವು ನಿಲ್ಲಿಸಿತು. ಆದರೂ ಹಳ್ಳಿಯ ಸಾಮಾನ್ಯ ಶಾಲೆಯಲ್ಲಿಯೂ ವಿಜ್ಞಾನವನ್ನು ಪ್ರಯೋಗದಿಂದಲೇ ಕಲಿಸಬಹುದೆಂಬುದಕ್ಕೆ ಆ ಮೂವತ್ತು ವರ್ಷಗಳು ಸಾಕ್ಷಿಯಾಗಿವೆ.