ಖಾಲಿ ಗಾಡಾ, ಒಂದು ನಿಮಿಷ

1930ರ ದಶಕದಲ್ಲಿ ಅಮೆರಿಕದ ಯುವಕರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಾನೆಟ್ಟು ಕಿತ್ತು, ಭಾರ ಇಳಿಸಿ, ಕ್ಯಾಲಿಫೋರ್ನಿಯದ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ‘ಹಾಟ್ ರಾಡ್’ ಬೆಳೆದದ್ದು ಹಾಗೆ. ಭಾರ ಇಳಿದಷ್ಟೂ ವೇಗ ಏರುತ್ತದೆಂಬ ಈ ಸೂತ್ರ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರಿಗೂ ಹೊಸದಲ್ಲ. ಈ ಭಾಗದ ಖಾಲಿ ಗಾಡಾ ಓಡಿಸುವ ಸ್ಪರ್ಧೆಯೇ ಅದಕ್ಕೆ ಸಾಕ್ಷಿ.

ಕಾರು ಪಂದ್ಯದಲ್ಲಿ ಎಂಜಿನ್ನಿನ ಸಿ.ಸಿ. ನೋಡಿ ವರ್ಗ ಮಾಡುತ್ತಾರೆ. ಸಣ್ಣದು ದೊಡ್ಡದರೊಡನೆ ಸೆಣಸಬಾರದೆಂಬುದು ಅಲ್ಲಿಯ ನ್ಯಾಯ. ಗಾಡಾ ಸ್ಪರ್ಧೆಯಲ್ಲಿ ನ್ಯಾಯ ಹೇಳುವುದು ಗಡಿಯಾರ. ಎತ್ತಿನ ಜೋಡಿಗಳು ಒಂದೊಂದಾಗಿ ಓಡುತ್ತವೆ. ಒಂದು ನಿಮಿಷದಲ್ಲಿ ಹೆಚ್ಚು ಅಡಿ ಕ್ರಮಿಸಿದ ಜೋಡಿಗೆ ಬಹುಮಾನ.

ಆದರೆ ಎಂಜಿನ್ನಿಗೆ ನೋವಿಲ್ಲ, ಎತ್ತಿಗಿದೆ. ಈ ಕಾರಣಕ್ಕೇ 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅನಗತ್ಯ ಹಿಂಸೆ ಕೂಡದೆಂಬ ಷರತ್ತು ಮಾತ್ರ ಹಾಗೆಯೇ ಇದೆ.

ಕೆಟ್ಟ ಎಂಜಿನ್ನನ್ನು ಗ್ಯಾರೇಜಿನಲ್ಲಿ ಬಿಚ್ಚಿ ಸರಿಪಡಿಸಬಹುದು. ಎತ್ತಿಗೆ ಆ ಅನುಕೂಲವಿಲ್ಲ. ಸ್ಪರ್ಧೆ ಉಳಿಯಬೇಕಾದರೆ ಗಾಡಾದಂತೆ ಬಾರುಕೋಲೂ ಹಗುರಾಗಬೇಕು.