ನಿಂತ ಅಲೆಯ ಸಾಕ್ಷ್ಯ

ಕಿಟಕಿಯ ಸರಳಿಗೆ ಕಟ್ಟಿದ ಹಗ್ಗವನ್ನು ಕೊಡವಿದರೆ ಅಲೆಯೊಂದು ಶಕ್ತಿಯನ್ನು ಹೊತ್ತು ಮುಂದೆ ಓಡುತ್ತದೆ. ಅದು ಪ್ರಗಾಮಿ ತರಂಗ. ಸರಳಿನಿಂದ ಮರಳುವ ಅಲೆ ಎದುರಿನ ಅಲೆಯೊಡನೆ ತಕ್ಕ ಲಯದಲ್ಲಿ ಕೂಡಿದಾಗ ಹುಟ್ಟುವ ಸ್ಥಿರ ತರಂಗ ಎಲ್ಲಿಗೂ ಸಾಗದು. ಅದರ ನಿಸ್ಪಂದ ಬಿಂದುಗಳು ಅಲುಗುವುದೇ ಇಲ್ಲ. ಈ ವ್ಯತ್ಯಾಸವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದ ಅಧ್ಯಾಪಕರಲ್ಲಿ ನಾನೂ ಒಬ್ಬಳು. ಅದರ ಚರಿತ್ರೆಯನ್ನು ಮಾತ್ರ ನಮ್ಮ ಶಾಲೆಯ ಮಕ್ಕಳಿಗೆ ತಡವಾಗಿ ಹೇಳಿದೆ.

ವಿದ್ಯುತ್ಕಾಂತ ತರಂಗಗಳು ಬೆಳಕಿನ ವೇಗದಲ್ಲಿ ಸಾಗಬೇಕೆಂದು ಗಣಿತದಿಂದ ತೋರಿಸಿದ್ದ ಮ್ಯಾಕ್ಸ್‌ವೆಲ್ 1879ರಲ್ಲಿ ತೀರಿಕೊಂಡರು. ಅಷ್ಟು ವೇಗದ ಅಲೆಯನ್ನು ಕೋಣೆಯೊಳಗೆ ಅಳೆಯುವುದೆಂತು? 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಅದನ್ನು ನಿಲ್ಲಿಸಿಯೇ ಅಳೆದರು! ಉಪನ್ಯಾಸ ಕೊಠಡಿಯ ಗೋಡೆಗೆ ಸತುವಿನ ತಗಡು ಹೊದಿಸಿ ಅಲೆಯನ್ನು ಮರಳಿಸಿದರು. ಕಿರಿದಾದ ಸಂದುಳ್ಳ ತಂತಿಯ ಬಳೆಯನ್ನು ಕತ್ತಲೆಯಲ್ಲಿ ಜಾಗದಿಂದ ಜಾಗಕ್ಕೆ ಸರಿಸಿದರು. ಕೆಲವೆಡೆ ಸಂದಿನಲ್ಲಿ ಕಿಡಿ ಹಾರಿತು, ಕೆಲವೆಡೆ ಅಡಗಿತು. ನೆರೆಯ ಎರಡು ನಿಸ್ಪಂದಗಳ ಅಂತರವೆಂದರೆ ಅರ್ಧ ತರಂಗದೂರ. ಅದನ್ನು ಇಮ್ಮಡಿಸಿ, ಲೆಕ್ಕದಿಂದ ಪಡೆದ ಆವೃತ್ತಿಯೊಡನೆ ಗುಣಿಸಿದಾಗ ಬೆಳಕಿನ ವೇಗದ ಆಸುಪಾಸಿನ ಬೆಲೆ ದೊರೆಯಿತು.

ಆವೃತ್ತಿಯ ಲೆಕ್ಕದಲ್ಲಿ ತಪ್ಪೊಂದು ನುಸುಳಿತ್ತು. ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ ಅದನ್ನು ಎತ್ತಿ ತೋರಿಸಿದರು. ಹರ್ಟ್ಸ್ ಒಪ್ಪಿಕೊಂಡು, ತಮ್ಮ ಪ್ರಬಂಧಗಳನ್ನು ಪುಸ್ತಕವಾಗಿಸುವಾಗ ಅದನ್ನು ಅಚ್ಚಿನಲ್ಲಿಯೇ ಹೇಳಿದರು.